ಅವ್ವನ ಜೊತೆ ವರದಮೂಲದಲ್ಲಿ ಒಂದು ರಾತ್ರಿ

ನವೆಂಬರ್ ಕೊನೇ ವಾರ ಹಾಕಿದ ಫೋಟೊ ನೋಡಿ ಸಂಘಟನೆಯ ಇಬ್ಬರು ಗೆಳೆಯರು ಫೋನ್ ಮಾಡಿದ್ದರು. ಒಬ್ಬರು ನಗುತ್ತಾ, "ಏನಕ್ಕಾ, ರೆಸಾರ್ಟಿಗೆ ಹೋಗೋ ಮಟ್ಟಕ್ಕೆ ಬೆಳೆದ್ಬಿಟ್ರಾ?" ಅಂದರು. ಇನ್ನೊಬ್ಬರು ನಗಲಿಲ್ಲ. "ಸಾವಯವ ಗೀವಯವ ಎಲ್ಲ ಜಮೀನಿದ್ದೋರ ಶೋಕಿ. ನಮ್ಮವರ ಬೆವರನ್ನೇ ಪ್ಯಾಕೆಟ್ ಮಾಡಿ ಮಾರ್ತಾರೆ. ನೀವೂ ಹೋಗಿ ದುಡ್ಡು ಸುರಿದು ಬಂದ್ರಲ್ಲ" ಅಂದರು. ಇಬ್ಬರಿಗೂ ಆಗ ಸರಿಯಾಗಿ ಉತ್ತರ ಕೊಡೋಕೆ ಆಗಲಿಲ್ಲ. ಅದಕ್ಕೇ ಇಲ್ಲಿ ಬರೀತಿದೀನಿ. ಉದ್ದ ಇದೆ, ಪುರುಸೊತ್ತಿದ್ದಾಗ ಓದಿ.

ಹೋಗಬೇಕು ಅಂತ ಹಟ ಹಿಡಿದಿದ್ದು ನನ್ನ ಮಗಳು. ಎಂಟನೇ ಕ್ಲಾಸು. ಅವಳ ಕ್ಲಾಸಿನ ಹುಡುಗಿಯೊಬ್ಬಳು ಕೆರೆ ದಂಡೆ ಮೇಲೆ ಟೆಂಟು ಹಾಕಿಕೊಂಡು ಮಲಗಿದ್ದ ಫೋಟೊ ತೋರಿಸಿದ್ದಳಂತೆ. "ಅಮ್ಮಾ, ನಾವು ರಜೆಗೆ ಅಂತ ಎಲ್ಲಿಗೂ ಹೋಗೇ ಇಲ್ಲ. ನೀನು ಕರ್ಕೊಂಡು ಹೋಗೋದೆಲ್ಲ ಬರೀ ಧರಣಿಗೆ, ಜಯಂತಿಗೆ" ಅಂದಳು. ಸುಳ್ಳೇನಲ್ಲ. ಅವಳು ಮೈಸೂರು ನೋಡಿದ್ದು ಸಮಾವೇಶಕ್ಕೆ, ಬೆಂಗಳೂರು ನೋಡಿದ್ದು ಫ್ರೀಡಂ ಪಾರ್ಕಿಗೆ.

ಹುಡುಕಿದಾಗ ಸಾಗರದ ಹತ್ತಿರ ವರದಮೂಲದ ಕಡೆ ಒಂದು ಸಾವಯವ ತೋಟ ಸಿಕ್ತು. ಅಡಿಕೆ ತೋಟ, ಪಕ್ಕದಲ್ಲಿ ಕೆರೆ, ದಂಡೆ ಮೇಲೆ ನಾಲ್ಕೈದು ಟೆಂಟು. ತಲೆಗೆ ಒಂದು ರಾತ್ರಿಗೆ 1500 ರೂಪಾಯಿ, ಊಟ ತಿಂಡಿ ಸೇರಿ. ವರದಮೂಲ ಅಂತ ಓದಿದ್ದೇ ನಾನು ತೀರ್ಮಾನ ಮಾಡಿಬಿಟ್ಟೆ. ಅವ್ವನನ್ನೂ ಕರ್ಕೊಂಡು ಹೋಗೋದು.

ಯಾಕೆ ಅಂತ ಹೇಳ್ತೀನಿ. ನನ್ನ ತವರು ಸೊರಬ ತಾಲೂಕಿನ ವರದಾ ಹೊಳೆ ದಡದ ಒಂದು ಊರು. ವರದೆ ಹುಟ್ಟೋದು ಸಾಗರದ ಪಕ್ಕದ ಈ ವರದಮೂಲದಲ್ಲಿ. ಅಲ್ಲಿಂದ ಸೊರಬದ ಸೀಮೆ ಹಾದು, ಬನವಾಸಿ ಸುತ್ತಿ, ಹಾನಗಲ್ ಕಡೆ ಇಳಿದು, ಹಾವೇರಿ ಜಿಲ್ಲೆಯ ಗಳಗನಾಥದ ಹತ್ತಿರ ತುಂಗಭದ್ರೆಗೆ ಸೇರುತ್ತೆ. ಕನ್ನಡ ಮೇಷ್ಟ್ರು ಬನವಾಸಿ, ಕದಂಬರು, ಪಂಪ ಅಂತ ಈ ಹೊಳೆ ಬಗ್ಗೆ ಪಾಠ ಮಾಡ್ತಿದ್ದರು. ಅವ್ವನ ಪಾಠ ಬೇರೆ. ನಮ್ಮೂರ ಹೊಳೇಲಿ ಎರಡು ಗುಂಡಿ ಇದ್ವು, ಮೇಲಿನ ಗುಂಡಿ ಮತ್ತೆ ಕೆಳಗಿನ ಗುಂಡಿ. ಮೇಲಿನ ಗುಂಡಿ ಊರಿನವರಿಗೆ. ಕೆಳಗಿನದು ನಮ್ಮ ಕೇರಿಗೆ. ಹರಿಯೋ ನೀರಿಗೆ ಮೈಲಿಗೆ ಇಲ್ಲ ಅಂತ ಅವರೇ ಹೇಳ್ತಿದ್ರಂತೆ. ಆದರೂ ಮೇಲಿನ ಗುಂಡಿಗೆ ನಾವು ಇಳಿಯೋ ಹಾಗಿರಲಿಲ್ಲ. ಅವರು ಬಟ್ಟೆ ಒಗೆದು, ಎಮ್ಮೆ ಮೈ ತೊಳೆದು ಬಿಟ್ಟ ನೀರು ನಮ್ಮ ಕೊಡಕ್ಕೆ. ಬೇಸಿಗೇಲಿ ಹರಿವು ನಿಂತಾಗ ಕೆಳಗಿನ ಗುಂಡಿ ಹಸಿರುಗಟ್ಟುತ್ತಿತ್ತು, ಅವ್ವ ಸೀರೆ ಸೆರಗಲ್ಲಿ ಸೋಸಿ ತರ್ತಿದ್ದಳು. ನಾನೂ ಚಿಕ್ಕವಳಿದ್ದಾಗ ಆ ನೀರು ಕುಡಿದಿದೀನಿ. ಬೋರ್‌ವೆಲ್ ಬಂದಿದ್ದು ಆಮೇಲೆ.

ಚಂದ್ರಗುತ್ತಿ ಗೊತ್ತಿದ್ದವರಿಗೆ ಈ ಹೊಳೆಯ ಇನ್ನೊಂದು ಕತೆಯೂ ಗೊತ್ತಿರುತ್ತೆ. ಇದೇ ವರದೆಯಲ್ಲಿ ಮುಳುಗೆದ್ದು, ಬೆತ್ತಲೆಯಾಗಿ ಬೆಟ್ಟ ಹತ್ತಿ ರೇಣುಕಾಂಬೆಗೆ ಹರಕೆ ಒಪ್ಪಿಸಬೇಕಿತ್ತು. ಹಾಗೆ ಹತ್ತಿದವರಲ್ಲಿ ಹೆಚ್ಚಿನವರು ನಮ್ಮ ಹೆಣ್ಣುಮಕ್ಕಳು. 1986ರಲ್ಲಿ ದಲಿತ ಸಂಘರ್ಷ ಸಮಿತಿಯವರು ತಡೆಯೋಕೆ ಹೋದಾಗ ಏನಾಯ್ತು, ಕಾರ್ಯಕರ್ತರನ್ನೂ ಪೊಲೀಸರನ್ನೂ ಏನು ಮಾಡಿದರು ಅಂತ ಹಳಬರಿಗೆ ನೆನಪಿದೆ. ಆಮೇಲೆ ಸರ್ಕಾರ ಅದನ್ನು ನಿಷೇಧಿಸಿತು. ಪ್ರೊ. ಬಿ. ಕೃಷ್ಣಪ್ಪನವರು ಭದ್ರಾವತಿಯಲ್ಲಿ ಪಾಠ ಹೇಳಿಕೊಂಡು ಸಂಘಟನೆ ಕಟ್ಟಿದ ಜಿಲ್ಲೆ ಇದು. ನಮ್ಮ ಮನೇಲಿ ಮೊದಲು ನೀಲಿ ಬಾವುಟ ಹಿಡಿದಿದ್ದು ನನ್ನ ಮಾವ, ಆ ಗಲಾಟೆ ಆದ ಮೇಲೆ.

ಅಂಥ ಹೊಳೆ ಹುಟ್ಟೋ ಜಾಗ ಅವ್ವ ಒಂದ್ಸಲವೂ ನೋಡಿರಲಿಲ್ಲ. ಎಪ್ಪತ್ತರ ಹತ್ತಿರ ಬಂದಿದೆ ವಯಸ್ಸು. ಕೇಳಿದ್ದಕ್ಕೆ, "ಎಂತಕ್ಕೆ ಅಲ್ಲಿಗೆ? ಜಾತ್ರೆನಾ?" ಅಂದಳು. ಜಾತ್ರೆ ಅಲ್ಲ, ಸುಮ್ನೆ ಅಂದೆ. "ಸುಮ್ನೆ ಯಾರಾದ್ರೂ ಬಸ್ ಚಾರ್ಜ್ ಕೊಟ್ಟು ಹೋಗ್ತಾರೇನೆ?" ಅಂತ ಬೈದಳು. ಬೈದರೂ ಇಸ್ತ್ರಿ ಮಾಡಿಸಿಟ್ಟಿದ್ದ ಸೀರೆ ತೆಗೆದಳು.

ಶಿವಮೊಗ್ಗದಿಂದ ಸಾಗರಕ್ಕೆ ಬಸ್ಸು, ಅಲ್ಲಿಂದ ಆಟೋ. ಇಕ್ಕೇರಿ ಅಘೋರೇಶ್ವರನ ಕಲ್ಲಿನ ಗುಡಿ ಈ ಕಡೇಲೇ ಇರೋದು. ನಾವು ಅಲ್ಲಿಗೆ ಹೋಗಲಿಲ್ಲ, ನೇರ ತೋಟಕ್ಕೆ ಹೋದ್ವಿ. ಗೇಟಲ್ಲಿ ಎದುರುಗೊಂಡಿದ್ದು ಮೂವತ್ತೈದರ ಆಸುಪಾಸಿನ ಹುಡುಗ. ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ ಬಿಟ್ಟು ಅಜ್ಜನ ತೋಟಕ್ಕೆ ವಾಪಸ್ ಬಂದವನು. ಯಾವ ಜಾತಿ ಅಂತ ಬರೆಯಲ್ಲ. ಬರೆದರೆ ಮಾತೆಲ್ಲ ಅದರ ಸುತ್ತಲೇ ತಿರುಗುತ್ತೆ. ಮಲೆನಾಡಲ್ಲಿ ಅಡಿಕೆ ತೋಟ ತಲೆಮಾರಿಂದ ಯಾರ ಕೈಲಿದೆ ಅಂತ ಗೊತ್ತಿರೋರಿಗೆ ಹೇಳೋದೂ ಬೇಕಿಲ್ಲ. "ಬನ್ನಿ ಅಮ್ಮಾ, ದಾರಿ ಗೊತ್ತಾಯ್ತಾ?" ಅಂತ ಅವ್ವನ ಕೈಚೀಲ ಇಸ್ಕೊಂಡ. ಅವ್ವ ಕೊಡಲಿಲ್ಲ. "ಬ್ಯಾಡ ಒಡೆಯಾ, ಹಗುರ ಐತೆ" ಅಂದಳು.

ಒಡೆಯಾ! ನನಗೆ ಒಳಗೇ ಉರೀತು. ಸಭೆಗಳಲ್ಲಿ ಸ್ವಾಭಿಮಾನದ ಬಗ್ಗೆ ಗಂಟೆಗಟ್ಟಲೆ ಮಾತಾಡ್ತೀನಿ, ಮನೇಲೇ ಹೀಗೆ. ಆ ಹುಡುಗನಿಗೂ ಮುಜುಗರ ಆಯ್ತು ಅನ್ಸುತ್ತೆ, "ಅಯ್ಯೋ ಹಂಗೆಲ್ಲ ಕರೀಬೇಡಿ ಅಮ್ಮಾ" ಅಂದ. ಅವ್ವ ಹೂಂ ಅಂದಳು. ಮರುದಿನ ಹೊರಡೋವರೆಗೂ ಹಾಗೇ ಕರೆದಳು.

ಮನೆ ಮುಂದಿನ ಜಗಲಿ ಮೇಲೆ ಬೆತ್ತದ ಕುರ್ಚಿ ಹಾಕಿದ್ದರು. ಮಗಳು ಹೋಗಿ ಕಾಲು ಮಡಚಿ ಕೂತಳು. ನಾನೂ ಕೂತೆ. ಅವ್ವ ಜಗಲಿಯ ಮೆಟ್ಟಿಲ ಮೇಲೆ, ಅಂಗಳದ ಕಡೆ ಮುಖ ಮಾಡಿ ಕೂತಳು. "ಇಲ್ಲೇ ಗಾಳಿ ಚೆನ್ನಾಗೈತೆ." ಮೂರು ತಲೆಮಾರು ಮೂರು ಕಡೆ ಕೂತಿದ್ದನ್ನು ಫೋಟೊ ತೆಗೀಬೇಕು ಅನ್ನಿಸ್ತು, ತೆಗೀಲಿಲ್ಲ.

ಮಧ್ಯಾಹ್ನದ ಊಟ ಬಾಳೆಲೆ ಮೇಲೆ. ಕೆಂಪಕ್ಕಿ ಅನ್ನ, ತಂಬುಳಿ, ಅಪ್ಪೆಮಿಡಿ ಉಪ್ಪಿನಕಾಯಿ. ಬೆಂಗಳೂರಿಂದ ಬಂದಿದ್ದ ಎರಡು ಸಂಸಾರ ನಮ್ಮ ಜೊತೆಗೇ ಕೂತಿದ್ವು. ಊಟ ಆಗುತ್ತಲೂ ಅವ್ವ ತನ್ನ ಎಲೆ ಮಡಚಿ ಕೈಲಿ ಹಿಡ್ಕೊಂಡು ಎದ್ದಳು. ಕೂತ ಜಾಗಕ್ಕೆ ನೀರು ಚಿಮುಕಿಸಿ ಒರೆಸೋಕೆ ಬಟ್ಟೆ ಹುಡುಕ್ತಿದ್ದಳು. ನಿಮಗೆ ಇದು ಅರ್ಥ ಆಗ್ಬೇಕಾದ್ರೆ ನೀವು ನಮ್ಮವರೇ ಆಗಿರಬೇಕು. ಕೆಲಸದ ಮನೇಲಿ ಅಂಗಳದಲ್ಲಿ ಉಂಡು, ಉಂಡ ಜಾಗಕ್ಕೆ ತಾವೇ ಸಗಣಿ ಸಾರಿಸಿ ಬರೋದು ಐವತ್ತು ವರ್ಷದ ರೂಢಿ. ಮನೆಯ ಹೆಂಗಸರು "ಬಿಡಿ ಅಮ್ಮಾ, ನಾವು ತೆಗೀತೀವಿ" ಅಂದಾಗ ಅವ್ವ ನನ್ನ ಮುಖ ನೋಡಿದಳು. ಎಲೆ ಬಿಟ್ಟು ಬಂದರೆ ತಪ್ಪಾಗುತ್ತಾ ಅಂತ ಕೇಳೋ ಹಾಗೆ. ನಾನು ತಲೆ ಆಡಿಸಿದೆ. ಇಟ್ಟಳು. ಅವಳ ಎಲೇನ ಇನ್ನೊಬ್ಬರು ತೆಗೆದಿದ್ದು ಅವಳ ಜೀವಮಾನದಲ್ಲಿ ಅದೇ ಮೊದಲು ಅನ್ಸುತ್ತೆ. ಮದುವೆ ಮನೆಗಳನ್ನ ಬಿಟ್ಟು.

ಸಂಜೆ ನಾಲ್ಕಕ್ಕೆ "ತೋಟದ ಅನುಭವ". ದೊಡ್ಡ ಡ್ರಮ್ಮು, ಸಗಣಿ, ಗಂಜಲ. ಜೀವಾಮೃತ ಮಾಡೋದು ಹೇಗೆ ಅಂತ ಆ ಹುಡುಗ ವಿವರಿಸಿದ. 200 ಲೀಟರ್ ನೀರಿಗೆ 10 ಕೆಜಿ ಸಗಣಿ, 10 ಲೀಟರ್ ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು. ಸುಭಾಷ್ ಪಾಳೇಕರ್ ಅವರ ಲೆಕ್ಕ. ಬೆಂಗಳೂರಿನವರು ಒಬ್ಬೊಬ್ಬರೇ ಗ್ಲೌಸ್ ಹಾಕ್ಕೊಂಡು ಸಗಣಿ ಎತ್ತಿ ಹಾಕಿದರು, ಕೋಲಲ್ಲಿ ತಿರುವಿದರು, ಫೋಟೊ ತೆಗೆಸಿಕೊಂಡರು. ಚಪ್ಪಾಳೆ ಬೇರೆ.

ಅವ್ವ ಹಿಂದೆ ನಿಂತು ನೋಡ್ತಿದ್ದಳು. ಆಮೇಲೆ ಸೀದಾ ಬಂದು ಬರಿಗೈಲಿ ಸಗಣಿ ಮುದ್ದೆ ಎತ್ತಿ, ಹೆಬ್ಬೆರಳಲ್ಲಿ ಒತ್ತಿ, ಮೂಸಿ, "ಇದು ಹುಲ್ಲು ಮೇದ ದನದ್ದಲ್ಲ. ಹಿಂಡಿ ಜಾಸ್ತಿ ತಿನ್ನಿಸ್ತೀರಾ" ಅಂದಳು. ಹುಡುಗ ಬೆಪ್ಪಾದ. ಹೌದು, ಒಂದು ಹಸುಗೆ ಹಿಂಡಿ ಜಾಸ್ತಿ ಆಗಿದೆ ಅಂದ. ಅಲ್ಲಿಂದ ಶುರು. ಕೊಟ್ಟಿಗೆಗೆ ಎಂತ ಸೊಪ್ಪು ಹಾಸ್ತೀರಿ, ಗೊಬ್ಬರಗುಂಡಿ ಎಷ್ಟು ದಿನಕ್ಕೆ ತುಂಬುತ್ತೆ, ತೋಟಕ್ಕೆ ಯಾವಾಗ ಹೊರ್ತೀರಿ, ಕೊಳೆಗೆ ಎಂತ ಹೊಡೀತೀರಿ. ಅವನು ಬೋರ್ಡೊ ಹೊಡೆಯೋದು ತಪ್ಪಿಸೋಕೆ ಆಗಿಲ್ಲ ಅಂತ ಒಪ್ಕೊಂಡ. ಮೈಲುತುತ್ತ, ಸುಣ್ಣ ಎರಡೇ, ಸಾವಯವದವರೂ ಅದನ್ನು ಮಿತಿಯಲ್ಲಿ ಬಳಸಬಹುದು ಅಂದ. "ಅದಿಲ್ದೆ ಮಳೆಗಾಲಕ್ಕೆ ಅಡಿಕೆ ಉಳಿಯೋದು ಸುಳ್ಳು" ಅಂತ ಅವ್ವ ತೀರ್ಪು ಕೊಟ್ಟಳು.

ಅವಳು ಆಮೇಲೆ ಹೇಳಿದ್ದನ್ನ ಇಲ್ಲಿ ಸ್ವಲ್ಪ ವಿವರವಾಗಿ ಬರೀತೀನಿ. ಇದು ಯಾವ ಸಾವಯವ ಕೃಷಿ ಪುಸ್ತಕದಲ್ಲೂ ನಮ್ಮ ಹೆಸರಲ್ಲಿ ಬಂದಿಲ್ಲ.

ನಮ್ಮ ಸೀಮೆಯ ಅಡಿಕೆ ತೋಟಗಳಿಗೆ ಸೊಪ್ಪಿನಬೆಟ್ಟ ಅಂತ ಇರುತ್ತೆ. ತೋಟದ ಗೊಬ್ಬರಕ್ಕೆ ಸೊಪ್ಪು ಕಡಿಯೋಕೆ ಅಂತ ತೋಟದವರಿಗೆ ಬಿಟ್ಟುಕೊಟ್ಟ ಕಾಡು. ಮಳೆಗಾಲದಲ್ಲಿ ಹಸಿ ಸೊಪ್ಪು ಕಡಿದು, ಹೊರೆ ಕಟ್ಟಿ, ಕಂಬಳಿಕೊಪ್ಪೆ ಹಾಕ್ಕೊಂಡು, ಜಿಗಣೆ ಕಚ್ಚಿಸಿಕೊಂಡು ತಲೆ ಮೇಲೆ ಹೊತ್ತು ತರಬೇಕು. ಬೇಸಿಗೇಲಿ ದರಗು ಗುಡಿಸಿ ತರಬೇಕು. ಅದನ್ನ ಕೊಟ್ಟಿಗೆಗೆ ಹಾಸಬೇಕು. ದನ ತುಳಿದು, ಉಚ್ಚೆ ಸಗಣಿ ಸೇರಿ ಹದವಾದ ಮೇಲೆ ಎತ್ತಿ ಗುಂಡಿಗೆ ಹಾಕಬೇಕು. ಗುಂಡೀಲಿ ಕೊಳೆತ ಮೇಲೆ ಬುಟ್ಟಿ ತುಂಬಿ ಒಂದೊಂದು ಅಡಿಕೆ ಮರದ ಬುಡಕ್ಕೆ ಹೊರಬೇಕು. ಹೊರುವಾಗ ಗೊಬ್ಬರದ ನೀರು ಬುಟ್ಟಿಯಿಂದ ಸೋರಿ ಕೆನ್ನೆ ಮೇಲೆ, ಕುತ್ತಿಗೆ ಮೇಲೆ, ರವಿಕೆ ಒಳಗೆ ಇಳೀತಿರುತ್ತೆ. ಅವ್ವ ಹನ್ನೆರಡನೇ ವಯಸ್ಸಿಂದ ಮಾಡಿದ್ದು ಈ ಕೆಲಸ. ಸಂಜೆ ಹೊಳೆಗೆ ಹೋಗಿ ಎಷ್ಟು ಉಜ್ಜಿದರೂ ತಲೆಗೂದಲಿನ ವಾಸನೆ ಹೋಗ್ತಿರಲಿಲ್ಲವಂತೆ. ಅದೂ ಕೆಳಗಿನ ಗುಂಡೀಲಿ. ಶಾಲೆಗೆ ಹೋಗೋ ಊರಿನ ಮಕ್ಕಳು ದಾರೀಲಿ ಮೂಗು ಮುಚ್ಕೊಳ್ತಿದ್ದರು.

"ಇದೇ ಗೊಬ್ಬರ ಹೊತ್ತಿದ್ದಕ್ಕೆ ನಾವು ಮುಟ್ಟಬಾರದೋರು. ಅದೇ ಗೊಬ್ಬರ ತಿಂದ ಅಡಿಕೆ ದೇವರ ಮುಂದೆ ಇಡ್ಬೋದಿತ್ತು" ಅಂದಳು ಅವ್ವ. ಸಿಟ್ಟಲ್ಲಿ ಅಲ್ಲ. ಕೈ ತೊಳೀತಾ, ಇವತ್ತು ಸಾರಿಗೆ ಉಪ್ಪು ಕಮ್ಮಿ ಅನ್ನೋ ಹಾಗೆ ಹೇಳಿದಳು. ಗ್ಲೌಸ್ ಬಿಚ್ಚುತ್ತಿದ್ದವರು ಸುಮ್ಮನಾದರು.

ಸಾವಯವ ಕೃಷಿಯನ್ನ ನಾನು ಹೀಯಾಳಿಸ್ತಿಲ್ಲ. ತೀರ್ಥಹಳ್ಳಿಯ ಪುರುಷೋತ್ತಮ ರಾಯರಂಥವರು ಈ ಮಲೆನಾಡಲ್ಲೇ ಎಷ್ಟೋ ವರ್ಷ ಅದಕ್ಕೆ ದುಡಿದರು. 2004ರಲ್ಲಿ ನಮ್ಮ ಸರ್ಕಾರವೂ ಸಾವಯವ ಕೃಷಿ ನೀತಿ ತಂದಿತು. ಬೇಡ ಅನ್ನೋದಿಲ್ಲ, ಎಂಡೋಸಲ್ಫಾನ್ ಸುರಿಸಿಕೊಂಡ ಕಾಸರಗೋಡನ್ನ ನೋಡಿದ ಮೇಲೆ ಬೇಡ ಅನ್ನೋಕೆ ಬಾಯಿ ಬರೋದೂ ಇಲ್ಲ. ನನ್ನ ತಕರಾರು ಒಂದೇ. "ನಮ್ಮ ಅಜ್ಜಂದಿರ ಜ್ಞಾನ" ಅಂತ ಭಾಷಣ ಮಾಡ್ತಾರಲ್ಲ, ಆ ಅಜ್ಜಂದಿರ ಪಟ್ಟೀಲಿ ನನ್ನ ಅವ್ವ ಯಾಕಿಲ್ಲ? ಸೊಪ್ಪು ಯಾವುದು ಬೇಗ ಕೊಳೆಯುತ್ತೆ, ಯಾವುದು ದನದ ಮೈಗೆ ತುರಿಕೆ ತರುತ್ತೆ ಅಂತ ಕೈಯಾರೆ ಗೊತ್ತಿದ್ದವಳು ಅವಳು. ತೋಟದ ಯಜಮಾನನಿಗೆ ಗೊತ್ತಿದ್ದಿದ್ದು ಎಷ್ಟು ಹೊರೆ ಬಂತು ಅನ್ನೋ ಲೆಕ್ಕ.

ಈಗ ಜಮೀನಿನ ವಿಷಯ. ಇದನ್ನ ಬಿಟ್ಟು ಆ ತೋಟದ ಬಗ್ಗೆ ಬರೆದರೆ ಅರ್ಧ ಬರೆದ ಹಾಗೆ.

ವರದಮೂಲ ಇರೋದೇ ಸಾಗರ ತಾಲೂಕಲ್ಲಿ. ಅಂದ್ರೆ ಕಾಗೋಡು ಇರೋ ತಾಲೂಕಲ್ಲಿ. 1951ರಲ್ಲಿ ದೀವರ ಗೇಣಿದಾರರು ಕೊಳಗದ ಅಳತೆಯ ಮೋಸದ ವಿರುದ್ಧ ಎದ್ದು ನಿಂತರು. ಎಚ್. ಗಣಪತಿಯಪ್ಪನವರು ಮುಂದೆ ನಿಂತರು. ರಾಮ ಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಅದರ ಬೆಂಕಿಯಿಂದಲೇ ಗೋಪಾಲಗೌಡರ ರಾಜಕಾರಣ ಬೆಳೆದಿದ್ದು, ಮುಂದೆ ದೇವರಾಜ ಅರಸರ 1974ರ ಭೂಸುಧಾರಣೆ ತಿದ್ದುಪಡಿ ಬಂದಿದ್ದು. ಉಳುವವನೇ ಹೊಲದೊಡೆಯ. ಈ ಚರಿತ್ರೆ ನಮಗೂ ಹೆಮ್ಮೆ. ಕಾಗೋಡಿಗೆ ಹೋದರೆ ನಾನೂ ಕೈ ಮುಗೀತೀನಿ.

ಆದರೆ ನನ್ನ ಅಜ್ಜನೂ ಉಳ್ತಿದ್ದ. ಅವನ ಮದುವೆಗೆ ಅಂತ ಅವನಪ್ಪ ಮಾಡಿದ ಸಾಲಕ್ಕೆ ಅದೇ ಮನೇಲಿ ಜೀತ ಇದ್ದ. ನೇಗಿಲು ಹಿಡಿದು ಉಳ್ತಿದ್ದವನು ಅವನೇ. ಆದರೆ ಅವನು ಗೇಣಿದಾರ ಅಲ್ಲ, ಆಳು. ಭೂನ್ಯಾಯಮಂಡಳಿಗೆ ನಮೂನೆ 7 ಹಾಕಬೇಕಾದ್ರೆ ಗೇಣಿದಾರ ಅಂತ ತೋರಿಸಬೇಕಿತ್ತು. ಗೇಣಿ ಕೊಟ್ಟ ಚೀಟಿಯೋ, ಪಹಣೀಲಿ ಹೆಸರೋ, ಸಾಕ್ಷಿ ಹೇಳೋ ಜನವೋ ಇರಬೇಕಿತ್ತು. ಆಳಿಗೆ ಯಾವ ಚೀಟಿ ಇರುತ್ತೆ? ಜೀತ ಕಾನೂನು ಪ್ರಕಾರ ರದ್ದಾಗಿದ್ದು 1975ರ ಅಕ್ಟೋಬರಿನ ಸುಗ್ರೀವಾಜ್ಞೆಯಿಂದ, ಆಮೇಲೆ 1976ರ ಕಾಯ್ದೆಯಿಂದ. ಅಜ್ಜನ ಸಾಲ ಹೋಯ್ತು. ಜಮೀನು ಬರಲಿಲ್ಲ. ನಮ್ಮೂರಲ್ಲಿ ಗೇಣಿದಾರರಾಗಿದ್ದವರು ಒಡೆಯರಾದರು, ಆಳುಗಳಾಗಿದ್ದ ನಾವು ಹೊಸ ಒಡೆಯರ ಆಳುಗಳಾದ್ವಿ. ಇದನ್ನ ಹೇಳಿದರೆ ಹಿಂದುಳಿದ ವರ್ಗದ ಗೆಳೆಯರಿಗೆ ಬೇಜಾರಾಗುತ್ತೆ. ಆಗಲಿ, ಗೆಳೆಯರಿಗಲ್ಲದೆ ಇನ್ಯಾರಿಗೆ ಹೇಳೋದು.

ಈಗಂತೂ 2020ರ ತಿದ್ದುಪಡಿಯಲ್ಲಿ 79ಎ, 79ಬಿ ತೆಗೆದುಹಾಕಿದ ಮೇಲೆ ಕೃಷಿಕ ಅಲ್ಲದವರೂ, ಎಷ್ಟೇ ಆದಾಯ ಇದ್ದವರೂ ಕೃಷಿ ಜಮೀನು ಕೊಳ್ಳಬಹುದು. ಕೆರೆ ಕಾಣೋ ಜಾಗ, ಹಿನ್ನೀರು ಕಾಣೋ ಜಾಗ ಅಂದ್ರೆ ಬೆಂಗಳೂರಿಂದಲೇ ಗಿರಾಕಿ. ಕಾನೂನು ನಮಗೂ ಕೊಳ್ಳಬೇಡಿ ಅಂತ ಹೇಳಿಲ್ಲ ಬಿಡಿ.

ತೋಟಕ್ಕೆ ವಾಪಸ್ ಬರ್ತೀನಿ. ಬೆಳಗ್ಗೆ ಟೆಂಟು ಗುಡಿಸೋಕೆ ಒಬ್ಬಳು ಹೆಂಗಸು ಬಂದಿದ್ದಳು. ಅವ್ವ ಎರಡು ನಿಮಿಷ ಮಾತಾಡಿ ಪತ್ತೆ ಹಚ್ಚಿಬಿಟ್ಟಳು, ನಮ್ಮವರೇ. ಅವಳ ಅತ್ತೆಯ ತವರು ನಮ್ಮೂರಿಂದ ಎರಡು ಊರು ಆಚೆ. "ನೀವು ಒಳಗೆ ಮಲಗಿದ್ರಾ?" ಅಂತ ನನ್ನನ್ನ ಕೇಳಿದಳು. ಹೌದು ಅಂದೆ. "ಹೆಂಗಿರುತ್ತೆ?" ಅಂದಳು. ಎರಡು ವರ್ಷದಿಂದ ದಿನಾ ಗುಡಿಸ್ತಾಳೆ, ಹಾಸಿಗೆ ಮಡಚ್ತಾಳೆ, ಜಿಪ್ ಹಾಕ್ತಾಳೆ. ಒಂದು ರಾತ್ರಿಯೂ ಒಳಗೆ ಮಲಗಿಲ್ಲ. ಹುಡುಗನನ್ನ ಕೇಳಿದೆ. ಕೂಲಿ ಸರಿಯಾಗಿ ಕೊಡ್ತಾನೆ, ತಿಂಡಿ ಕೊಡ್ತಾನೆ, ಅವಳೂ ಅದನ್ನೇ ಹೇಳಿದಳು. "ನಿಮ್ಮ ಕೆಲಸದವರ ಸಂಸಾರಕ್ಕೆ ಒಂದು ದಿನ ಈ ಟೆಂಟಲ್ಲಿ ಮಲಗೋಕೆ ಕೊಡಿ, ಗಿರಾಕಿ ಇಲ್ಲದ ದಿನ" ಅಂದೆ. ಅವನು ಇದನ್ನ ಯೋಚಿಸೇ ಇರಲಿಲ್ಲ, ಮುಖ ನೋಡಿದರೆ ಗೊತ್ತಾಗ್ತಿತ್ತು. "ಆಯ್ತು ಅಕ್ಕಾ" ಅಂದ. ಮಾಡ್ತಾನಾ ನೋಡಬೇಕು, ಫೋನ್ ನಂಬರ್ ಇಸ್ಕೊಂಡಿದೀನಿ.

ಹಿಂದಿನ ರಾತ್ರಿಯ ಕತೆ ಹೇಳ್ಲೇ ಇಲ್ಲ. ಟೆಂಟು ನೋಡಿ ಅವ್ವ ಸೊಂಟಕ್ಕೆ ಕೈ ಇಟ್ಕೊಂಡು ನಿಂತಳು. "ಅಡಿಕೆ ಸೋಗೆ ಗುಡಿಸಲಿಂದ ಹೆಂಚಿನ ಮನೆಗೆ ಬರೋಕೆ ನಲವತ್ತು ವರ್ಷ ಹಿಡೀತು. ಈಗ ಸಾವಿರಗಟ್ಲೆ ಕೊಟ್ಟು ವಾಪಸ್ ಗುಡಿಸಲಿಗೇ ಕರ್ಕೊಂಡು ಬಂದಿದೀಯ. ಅದೂ ಬಟ್ಟೆ ಗುಡಿಸಲು." ಮಗಳು ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ಆಮೇಲೆ ರಾತ್ರಿ ಎಷ್ಟೊತ್ತಾದರೂ ನಿದ್ದೆ ಬರಲಿಲ್ಲ. ಹಳ್ಳಿ ಅಂದ್ರೆ ಸುಖ, ನೆಮ್ಮದಿ, ಪ್ರಕೃತಿ ಅಂತ ಬರೆಯೋರೆಲ್ಲ ಹಳ್ಳೀಲಿ ಮನೆ ಇದ್ದೋರು. ಬಾಬಾಸಾಹೇಬರು 1948ರ ನವೆಂಬರ್ 4ರಂದು ಸಂವಿಧಾನ ಸಭೇಲಿ ನಿಂತು ಹಳ್ಳಿಯ ಈ ವೈಭವೀಕರಣವನ್ನ ನೇರವಾಗಿ ತಿರಸ್ಕರಿಸಿದ್ದು ಸುಮ್ನೆ ಅಲ್ಲ. ನಮಗೆ ಊರು ಬಿಟ್ಟಿದ್ದೇ ಬಿಡುಗಡೆ.

ಹಾಗಂತ ಕಾಡು, ಕೆರೆ, ನಕ್ಷತ್ರ ಎಲ್ಲ ಅವರಿಗೇ ಬಿಟ್ಟುಕೊಡಬೇಕಾ? ಸಿಟ್ಟಾದ ಗೆಳೆಯರಿಗೆ ನಾನು ಕೇಳೋದು ಇದನ್ನ. ಅಮೆರಿಕದಲ್ಲಿ 2020ರ ಮೇ 25ರಂದು, ಜಾರ್ಜ್ ಫ್ಲಾಯ್ಡ್ ಸತ್ತ ದಿನವೇ, ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಲ್ಲಿ ಕ್ರಿಶ್ಚಿಯನ್ ಕೂಪರ್ ಅನ್ನೋ ಕಪ್ಪು ಮನುಷ್ಯ ಹಕ್ಕಿ ನೋಡ್ತಿದ್ದರು. ನಾಯಿಗೆ ಹಗ್ಗ ಹಾಕಿ ಅಂದಿದ್ದಕ್ಕೆ ಬಿಳಿ ಹೆಂಗಸೊಬ್ಬಳು ಪೊಲೀಸರಿಗೆ ಫೋನ್ ಮಾಡಿ, ಕಪ್ಪು ಮನುಷ್ಯ ನನ್ನನ್ನ ಬೆದರಿಸ್ತಿದಾನೆ ಅಂದಳು. ಕೈಲಿ ದುರ್ಬೀನು ಹಿಡಿದು ಹಕ್ಕಿ ನೋಡೋಕೂ ಚರ್ಮದ ಬಣ್ಣ ನೋಡ್ತಾರೆ. ನನ್ನ ಮಗಳು ಬೆಳಗ್ಗೆ ಆರಕ್ಕೇ ಎದ್ದು, ತೋಟದವರ ದುರ್ಬೀನು ಇಸ್ಕೊಂಡು ಕೆರೆ ದಂಡೆ ಮೇಲೆ ಮಿಂಚುಳ್ಳಿ, ನೀರುಕಾಗೆ ಅಂತ ಎಣಿಸ್ತಾ ಕೂತಿದ್ದಳು. ನೀರ ಮೇಲೆ ಇಬ್ಬನಿ. ಅವ್ವ ಶಾಲು ಹೊದ್ದು ಅವಳ ಪಕ್ಕ. "ಆ ಕರೀದು ಮುಳುಗಿ ಎಲ್ಲಿ ಏಳ್ತದೆ ನೋಡು, ಅಲ್ಲಿ ಮೀನೈತೆ" ಅಂತ ಹೇಳಿಕೊಡ್ತಿದ್ದಳು. ನಲವತ್ತೈದು ವರ್ಷದಲ್ಲಿ ನಾನು ಅವ್ವನನ್ನ ಬೆಳಗ್ಗೆ ಹೊತ್ತು ಕೆಲಸ ಇಲ್ಲದೆ ಕೂತಿದ್ದು ನೋಡಿದ್ದು ಆಸ್ಪತ್ರೇಲಿ ಮಾತ್ರ. ನನ್ನ 4500 ರೂಪಾಯಿಗೆ ಲೆಕ್ಕ ಕೇಳೋರು ಆ ಅರ್ಧ ಗಂಟೆ ನೋಡಬೇಕಿತ್ತು.

ಇನ್ನೊಂದು ಹೇಳ್ಬೇಕು. ರಾತ್ರಿ ಬೆಂಕಿ ಸುತ್ತ ಕೂತಾಗ ಬೆಂಗಳೂರಿನ ಹಿರಿಯರೊಬ್ಬರು ಪ್ರೀತಿಯಿಂದಲೇ ಅವ್ವನ ಹತ್ತಿರ ಗೊಬ್ಬರದ ವಿಷಯ ಕೇಳ್ತಾ ಕೇಳ್ತಾ, "ನೀವು ಯಾವ ಪೈಕಿ?" ಅಂದರು. ನನ್ನ ಬಾಯಿಗೆ ಭಾಷಣ ಬಂದಿತ್ತು. ಅಷ್ಟರಲ್ಲಿ ಅವ್ವ, "ನಾವು ಹೊಲೇರು" ಅಂದಳು. ಬೆಂಕಿಯಲ್ಲಿ ಬಿದಿರು ಚಟ್ ಅಂತ ಸಿಡೀತು. ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಹಿರಿಯರು, "ಓ ಹಾಗಾ" ಅಂದು ಕಷಾಯದ ಲೋಟ ಕೆಳಗಿಟ್ಟರು. ಯಾರೂ ಎದ್ದು ಹೋಗಲಿಲ್ಲ. ಅದನ್ನೂ ಬರೀಬೇಕು. ಆದರೆ ಗೊಬ್ಬರದ ಮಾತು ಅಲ್ಲಿಗೇ ನಿಂತುಹೋಯ್ತು.

ಎರಡನೇ ದಿನ ಹತ್ತು ಗಂಟೆಗೆ ಹೊಳೆ ಹುಟ್ಟೋ ಜಾಗಕ್ಕೆ ಹೋದ್ವಿ. ದೇವಸ್ಥಾನ, ಕೊಳ, ಮರದ ನೆರಳು. ಜನ ಹೆಚ್ಚಿರಲಿಲ್ಲ. ಅವ್ವ ಗುಡಿ ಕಡೆಗೆ ದೂರದಿಂದಲೇ ಕೈ ಮುಗಿದಳು. ಒಳಗೆ ಬಾ ಅಂದರೆ, "ಯಾಕೆ, ಅವನಿಗೇನು ಹೊರಗಿದ್ರೆ ಕಾಣಲ್ವಾ?" ಅಂದಳು. ನಾನು ಒತ್ತಾಯ ಮಾಡಲಿಲ್ಲ. ಅವಳಿಗೆ ಬೇಕಿದ್ದು ನೀರು. ಸ್ವಲ್ಪ ಕೆಳಗೆ ಗದ್ದೆ ಬಯಲಿನ ಅಂಚಲ್ಲಿ ಸಣ್ಣ ಹಳ್ಳದ ಹಾಗೆ ನೀರು ಹರೀತಿತ್ತು. ದಾಟೋಕೆ ಒಂದು ಹೆಜ್ಜೆ ಸಾಕು.

"ಇದೇನಾ?"

"ಇದೇ ಅವ್ವಾ. ಇದೇ ಹೋಗಿ ನಮ್ಮೂರ ಹೊಳೆ ಆಗೋದು."

ಅವ್ವ ಚಪ್ಪಲಿ ಬಿಟ್ಟು ಇಳಿದಳು. ಪಾದ ಮುಳುಗುವಷ್ಟು ನೀರು. ಸುತ್ತ ನೋಡಿದಳು. "ಇದಕ್ಕಿಂತ ಮ್ಯಾಲೆ ಗುಂಡಿ ಇಲ್ಲ ಅಲ್ದೇನೆ?"

"ಇಲ್ಲ. ಆ ದೇವರ ಕೊಳ ಒಂದೇ."

"ದೇವ್ರೊಬ್ಬ ಮ್ಯಾಲಿದ್ರೆ ಇರ್ಲಿ ಬಿಡು."

ಬೊಗಸೇಲಿ ನೀರೆತ್ತಿ ಮುಖ ತೊಳೆದಳು. ಕತ್ತು ತೊಳೆದಳು. ಇನ್ನೊಂದು ಬೊಗಸೆ ಕುಡಿದಳು. ಮಗಳು ಶಾಲೇಲಿ ಓದಿದ್ದು ನೆನಪಾಗಿ, "ಅಮ್ಮಾ, ಮಹಾಡ್ ಥರ ಅಲ್ವಾ?" ಅಂತ ನನ್ನ ಕಿವೀಲಿ ಅಂದಳು. 1927ರ ಮಾರ್ಚ್ 20, ಚವದಾರ್ ಕೆರೆ. ಅದಕ್ಕೂ ಇದಕ್ಕೂ ಹೋಲಿಕೆ ಮಾಡೋಕೆ ನಾನು ಹೋಗಲ್ಲ. ಅಲ್ಲಿ ನೀರು ಮುಟ್ಟಿದ್ದಕ್ಕೆ ಜನ ಹೊಡೆತ ತಿಂದರು. ಇಲ್ಲಿ ನಮ್ಮನ್ನ ತಡೆಯೋರು ಯಾರೂ ಇರಲಿಲ್ಲ, ನೋಡೋರೂ ಇರಲಿಲ್ಲ, ಒಂದು ಎಮ್ಮೆ ಬಿಟ್ಟು.

ಅವ್ವ ಸೀರೆ ಸೆರಗಲ್ಲಿ ಮುಖ ಒರೆಸ್ಕೊಂಡು ಕೇಳಿದಳು. "ನಾನು ಈಗ ಮುಖ ತೊಳೆದ ನೀರು ನಮ್ಮೂರಿಗೆ ಯಾವತ್ತು ಮುಟ್ಟುತ್ತೆ?"

"ಒಂದೆರಡು ದಿನ ಆಗ್ಬೋದೇನೋ."

"ಮುಟ್ಲಿ. ಮ್ಯಾಲಿನ ಗುಂಡಿಯೋರು ಕುಡೀಲಿ" ಅಂದು, ನಕ್ಕು, ಮತ್ತೊಮ್ಮೆ ಮುಕ್ಕಳಿಸಿ ಉಗಿದಳು.

ಹೊರಡೋವಾಗ ತೋಟದ ಹುಡುಗ ಅವ್ವನಿಗೆ ಒಂದು ಅಪ್ಪೆಮಿಡಿ ಕಸಿ ಗಿಡ ಕೊಟ್ಟ. ಅವಳು ಕೇಳಿದ್ದಕ್ಕೇ ಕೊಟ್ಟಿದ್ದು, ದುಡ್ಡು ತಗೊಳ್ಳಲಿಲ್ಲ. ಬಸ್ಸಲ್ಲಿ ತೊಡೆ ಮೇಲೆ ಮಗುವಿನ ಥರ ಇಟ್ಕೊಂಡು ಬಂದಳು. ಎಲ್ಲಿ ನೆಡೋದು ಅಂತ ಆನಂದಪುರದಿಂದ ಶಿವಮೊಗ್ಗದವರೆಗೆ ಚರ್ಚೆ. ನಮ್ಮ ಬಾಡಿಗೆ ಮನೇಲಿ ಮಣ್ಣೇ ಇಲ್ಲ. ಊರಲ್ಲಿ ತಮ್ಮನ ಮನೆ 30-40ರ ಸೈಟು, ಅದರಲ್ಲಿ ಮಾವಿನ ಮರ ಬೆಳೆದರೆ ಗೋಡೆ ಬಿಡಲ್ಲ. ತಮ್ಮ ಸಾಗುವಳಿ ಮಾಡ್ತಿರೋ ಒಂದೆಕರೆ ಇದೆ, ಹೊಳೆ ಕಡೆಗೇ. ಅಪ್ಪ ಇದ್ದಾಗಿಂದ ಮಾಡ್ತಿರೋದು. ನಮೂನೆ 57 ಹಾಕಿ ವರ್ಷಗಳಾದವು, ಫೈಲು ಇನ್ನೂ ಟೇಬಲ್ಲಿಂದ ಟೇಬಲ್ಲಿಗೆ ಓಡಾಡ್ತಿದೆ. ಕೇಳಿದಾಗಲೆಲ್ಲ ಒಂದ್ಸಲ ಕಂದಾಯ ಅಂತಾರೆ, ಒಂದ್ಸಲ ಅರಣ್ಯ ಅಂತಾರೆ. "ಅಲ್ಲಿ ನೆಟ್ರೆ ಅರಣ್ಯದೋರು ಕಿತ್ತು ಬಿಸಾಕ್ತಾರೆ" ಅಂದಳು ಅವ್ವ. ಸದ್ಯಕ್ಕೆ ತಮ್ಮನ ಮನೆ ಬಾಗಿಲಲ್ಲಿ ಪೇಂಟ್ ಡಬ್ಬದಲ್ಲಿ ಇದೆ. ಅವ್ವ ದಿನಾ ನೀರು ಹಾಕ್ತಾಳೆ. ಸಗಣಿ ನೀರು, ಹುಲ್ಲು ಮೇದ ದನದ್ದು.

ಸೊರಬ, ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ನಮ್ಮವರಿಗೆ ಒಂದು ಮಾತು. 2005ರ ಜನವರಿ 1ಕ್ಕಿಂತ ಮುಂಚಿನಿಂದ ಸಾಗುವಳಿ ಮಾಡ್ತಿದ್ದು ನಮೂನೆ 57 ಹಾಕಿದವರು ಅರ್ಜಿಯ ಸ್ವೀಕೃತಿ ಚೀಟಿ ಹುಡುಕಿ ಜೆರಾಕ್ಸ್ ಮಾಡಿಸಿ ಇಟ್ಕೊಳ್ಳಿ. ನನ್ನ ತಮ್ಮನದು ಇಲಿ ಕಡಿದು ಅರ್ಧ ಹೋಗಿತ್ತು. ಮುಂದಿನ ವಾರ ತಾಲೂಕು ಆಫೀಸಿಗೆ ಹೋಗ್ತಿದೀವಿ, ನಾಲ್ಕೈದು ಜನ ಆದರೆ ಒಟ್ಟಿಗೇ ಹೋಗಬಹುದು. ಬರೋರು ಇನ್‌ಬಾಕ್ಸಲ್ಲಿ ತಿಳಿಸಿ. ಅವ್ವನೂ ಬರ್ತಾಳಂತೆ.

ಜೈಭೀಮ್.